ಕಿಟಕಿಯ ಆಚೆ ರಾಜಮತಿಯ ದನಿ

ತೇರದಾಳದಲ್ಲಿ ರಾಜಮತಿಯ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಬಸದಿಯ ಹಿಂದಿನ ಓಣಿಯಲ್ಲಿ ಮನೆಗೆ ಹೊಂದಿಕೊಂಡೇ ಅವಳ ಹಿಟ್ಟಿನ ಗಿರಣಿ ಇತ್ತು. ಬೆಲ್ಟಿನ ಸಪ್ಪಳ, ಬೀಸುವ ಕಲ್ಲಿನ ಸಪ್ಪಳ ಎರಡನ್ನೂ ಮೀರಿ ಮಾತಾಡಿ ಮಾತಾಡಿ ಅವಳ ಗಂಟಲು ದಪ್ಪಗಾಗಿ ಹೋಗಿತ್ತು. ಗಿರಣಿ ನಿಂತ ಮೇಲೂ, ಮಗ್ಗುಲಲ್ಲೇ ಕೂತವರ ಜೊತೆಗೂ ಅದೇ ದನಿ. ಗಂಡ ಜಿನ್ನಪ್ಪ ಅರಿಷಿಣದ ವ್ಯಾಪಾರಿ, ಮೆತ್ತಗಿನ ಮನುಷ್ಯ. ಸಾಂಗಲಿಯ ಪೇಟೆಯಲ್ಲಿದ್ದಾಗ ಹೆಂಡತಿಯ ಫೋನು ಬಂದರೆ ಕಿವಿಯಿಂದ ಗೇಣು ದೂರ ಹಿಡಿದು ಮಾತಾಡುತ್ತಿದ್ದ. ತೇರದಾಳದ ಮನೆಯಲ್ಲಿ ಅಂದು ಏನು ಪಲ್ಯ ಎಂಬುದು ಸಾಂಗಲಿಯ ದಲ್ಲಾಳಿಗಳಿಗೂ ತಿಳಿದುಬಿಡುತ್ತಿತ್ತು.

ಬೇಸಿಗೆಗೆ ಮುಂಚೆ ಅವಳಿಗೆ ದಣಿವು ಶುರುವಾಯಿತು. ಕಾಳಿನ ಡಬ್ಬಿ ಎತ್ತಿದರೆ ತೋಳಿನಲ್ಲಿ ನೀಲಿ ಕಲೆ ಏಳುತ್ತಿತ್ತು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಬಿಸಿಲಿನ ಕಾವು ಎಂದುಕೊಂಡು ಮಜ್ಜಿಗೆ ಕುಡಿದಳು. ಕಡೆಗೆ ಜಮಖಂಡಿಗೆ ಹೋಗಿ ರಕ್ತ ತೋರಿಸಿದರೆ, ಅಲ್ಲಿನ ಡಾಕ್ಟರು ರಿಪೋರ್ಟು ಕೈಯಲ್ಲಿ ಹಿಡಿದು ಎದ್ದು ನಿಂತೇ ಮಾತಾಡಿದರು. ಇವತ್ತೇ ಪುಣೆಗೆ ಕರೆದೊಯ್ಯಿರಿ ಎಂದರು. ರಕ್ತದ ಕ್ಯಾನ್ಸರು. ಪುಣೆಯ ದೊಡ್ಡ ಆಸ್ಪತ್ರೆಯಲ್ಲಿ ಕಿಮೊ ಶುರುವಾಗಿ ಮೊದಲನೆಯ ಸುತ್ತಿನಲ್ಲಿ ಕೂದಲು ಹೋಯಿತು. ಎರಡನೆಯ ಸುತ್ತಿನಲ್ಲಿ ಬಾಯಿ, ಗಂಟಲು ತುಂಬ ಹುಣ್ಣಾಗಿ ದನಿಯೂ ಹೋಯಿತು. ಹುಣ್ಣು ಮಾಯ್ದವು, ದನಿ ಮರಳಲಿಲ್ಲ. ಒಣ ಎಲೆ ಸರಿದ ಹಾಗೆ ಪಿಸುಗುಡುವುದೊಂದೇ ಉಳಿಯಿತು.

ರೋಗ ಕೆಳಗಿಳಿದಿತ್ತು, ಆದರೆ ಮತ್ತೆ ಏಳುವ ಜಾತಿಯದು ಎಂದರು ಪುಣೆಯ ಡಾಕ್ಟರು. ಎಲುಬಿನೊಳಗಿನ ಹಳೆಯ ಮಜ್ಜೆಯನ್ನೆಲ್ಲ ಔಷಧದಿಂದ ಸುಟ್ಟು, ಬೇರೆಯವರ ಸ್ಟೆಮ್ ಸೆಲ್ ಹಾಕಿದರೆ ಮಾತ್ರ ಗಟ್ಟಿ. ಒಡಹುಟ್ಟಿದವರ ರಕ್ತ ತಪಾಸಿಸಿದಾಗ ಅಣ್ಣನದು ಹೊಂದಲಿಲ್ಲ, ತಂಗಿ ತ್ರಿಶಲಾಳದು ಪೂರ್ತಿ ಹೊಂದಿತು. ಇನ್ನು ಮುಂದೆ ನಿಮ್ಮ ಮೈಯಲ್ಲಿ ಹರಿಯುವುದೆಲ್ಲ ತಂಗಿಯ ಬೀಜದಿಂದ ಹುಟ್ಟಿದ ರಕ್ತವೇ ಎಂದು ಡಾಕ್ಟರು ತಿಳಿಸಿ ಹೇಳಿದರು.

"ಹಂಗಾರ ನಾ ಎಲ್ಲಿ ಹೋಗಲ್ರಿ?" ಎಂದು ರಾಜಮತಿ ಪಿಸುಗುಟ್ಟಿದಳು.

ಹೆಣ್ಣುಮಗಳು ಚೇಷ್ಟೆ ಮಾಡುತ್ತಾಳೆ ಎಂದುಕೊಂಡು ಡಾಕ್ಟರು ನಕ್ಕರು. ಜಿನ್ನಪ್ಪನೂ ನಕ್ಕ. ಅವಳು ಖರೆಯೇ ಕೇಳಿದ್ದಳು.

ಕೂಡಲೇ ಮಾಡುವಂತಿರಲಿಲ್ಲ. ಅವಳ ಎಡ ಪುಪ್ಪುಸದಲ್ಲಿ ಬೂಷ್ಟಿನ ಸೋಂಕು ಕೂತಿತ್ತು. ಅದು ಒಣಗುವ ಮುನ್ನ ಮಜ್ಜೆ ಸುಡುವ ಔಷಧ ಕೊಟ್ಟರೆ ಆ ಬೂಷ್ಟೇ ಅವಳನ್ನು ತಿಂದುಬಿಡುತ್ತದೆ. ಮನೆಗೆ ಹೋಗಿ, ಗುಳಿಗೆ ತಗೊಳ್ಳಿ, ಜನರಿಂದ ದೂರ ಇರಿ, ಕಾಯಿರಿ ಎಂದರು.

ಹೀಗೆ ಮಳೆಗಾಲದ ನಡುವೆ ರಾಜಮತಿ ತೇರದಾಳದ ತನ್ನ ಮನೆಯ ಹಿಂದಿನ ಖೋಲಿ ಸೇರಿದಳು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಳಿಗೆ ಬಡಿಸಿದ್ದರು. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ಕಿನ ಪರದೆ. ಒಳಗೆ ಬರುವವರೆಲ್ಲ ಕೈ ತೊಳೆದು, ಮೂಗು ಬಾಯಿ ಮುಚ್ಚಿಕೊಂಡು ಬರಬೇಕು. ನೀರು ಸೋಸಿ ಕಾಸುವುದು, ಆಗಿನದಾಗ ಮಾಡಿ ಉಣ್ಣುವುದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು ಜೈನರ ಮನೆಗೆ ಹೊಸದೇನಲ್ಲ. ಪುಣೆಯವರಿಗೆ ಈಗ ಬುದ್ಧಿ ಬಂತು ಎಂದಳು ಅತ್ತೆ ಪದ್ಮವ್ವ. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಮಬ್ಬು ಮಬ್ಬು. ಅಂಗಳದ ಹೊರಸಿನ ಮೇಲೆ ಕೂತು ದಿನವಿಡೀ ಮಂತ್ರ ಎಣಿಸುವುದೇ ಅವಳ ಕೆಲಸ.

ಹಿಟ್ಟಿನ ಧೂಳು ಕೂಡದು ಎಂದಿದ್ದರಿಂದ ಜಿನ್ನಪ್ಪ ಗಿರಣಿಯನ್ನು ಓಣಿಯ ತುದಿಯ ತಗಡಿನ ಶೆಡ್ಡಿಗೆ ಸಾಗಿಸಿದ. ನಡೆಸುವವರು ಯಾರು ಎಂದು ಯೋಚಿಸುವಾಗ ಚಿಮ್ಮಡದಿಂದ ತ್ರಿಶಲಾ ಬಂದಳು. ತನ್ನಿಬ್ಬರು ಗಂಡುಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಅಕ್ಕನ ಸಲುವಾಗಿ ಬಂದಿದ್ದಳು. ರಾಜಮತಿಗಿಂತ ಎರಡು ವರ್ಷ ಸಣ್ಣವಳು. ಅದೇ ಎತ್ತರ, ಅದೇ ಅಗಲ ಹಣೆ, ನಡೆಯುವಾಗ ಬಲಗಾಲನ್ನು ತುಸು ಹೊರಗೆ ಚೆಲ್ಲುವ ಅದೇ ಚಾಳಿ. ದನಿ ಮಾತ್ರ ಸಣ್ಣದಿತ್ತು. ಸುಮ್ಮನೆ ಕೂಡ್ರುವ ಹೆಂಗಸಲ್ಲ, ಗಿರಣಿ ನಾನೇ ನೋಡುತ್ತೇನೆ ಎಂದಳು. ಮೂಗಿಗೆ ಬಟ್ಟೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ನಿಂತಳು. ಸಪ್ಪಳವನ್ನು ಮೀರಿ ಕೂಗಿ ಕೂಗಿ ಒಂದು ತಿಂಗಳಿಗೆಲ್ಲ ಅವಳ ಗಂಟಲೂ ದಪ್ಪಗಾಯಿತು.

ಅವಳು ತಂದಿದ್ದು ಮೂರೇ ಸೀರೆ. ಮಳೆಯಲ್ಲಿ ಒಣಗುತ್ತಿರಲಿಲ್ಲ. ತಿಜೋರಿಯಲ್ಲಿ ನನ್ನವು ಕೊಳೆಯುತ್ತಿವೆ, ಉಡಲಿ ಎಂದು ರಾಜಮತಿಯೇ ಮಗಳ ಕೈಲಿ ಹೇಳಿ ಕಳಿಸಿದಳು. ಮರುದಿನ ಬೆಳಿಗ್ಗೆ ಎದ್ದು ಜಾಳಿಗೆಯಿಂದ ಅಂಗಳಕ್ಕೆ ನೋಡಿದರೆ, ತಾನೇ ಅಲ್ಲಿ ನೀರು ಸೇದುತ್ತಾ ನಿಂತಿದ್ದಳು. ಹಸಿರು ಸೀರೆ, ಕೆಂಪು ಸೆರಗು, ಬೆನ್ನ ಮೇಲೆ ದಪ್ಪ ಜಡೆ. ರಾಜಮತಿಯ ಕೈ ತಾನಾಗಿಯೇ ತನ್ನ ಬೋಳು ತಲೆಗೆ ಹೋಯಿತು. ಅಲ್ಲಿ ನಿಂತವಳು ತಿರುಗುವ ತನಕ ಅವಳು ಉಸಿರು ಬಿಡಲಿಲ್ಲ. ತಿರುಗಿದರೂ ಪೂರ್ತಿ ಸಮಾಧಾನವಾಗಲಿಲ್ಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು, ಕಣ್ಣಷ್ಟೇ ಕಾಣುತ್ತಿದ್ದವು.

ಆಮೇಲೆ ಹೆಸರು. ಪದ್ಮವ್ವ ಹೊರಸಿನಿಂದ "ರಾಜವ್ವಾ" ಎಂದು ಕೂಗುತ್ತಿದ್ದಳು. ನಾ ತ್ರಿಶಲಾ ಇದ್ದೀನ್ರಿ ಎಂದು ಮೊದಮೊದಲು ಉತ್ತರ ಬರುತ್ತಿತ್ತು. ಮುದುಕಿ ಹೌದೇನು ಎಂದು ತಲೆಯಾಡಿಸಿ, ಮತ್ತೆ ಗಳಿಗೆಯಲ್ಲಿ ರಾಜವ್ವಾ ಎನ್ನುವಳು. ಕೆಲವು ದಿನಗಳಾದ ಮೇಲೆ ತಿದ್ದುವ ಮಾತು ನಿಂತಿತು. ಒಳಗೆ ಮಲಗಿದ ರಾಜಮತಿಗೆ ತನ್ನ ಹೆಸರನ್ನು ಯಾರೋ ಕೂಗುವುದು ಕೇಳುತ್ತಿತ್ತು. ಓ ಎನ್ನಲು ಅವಳು ಬಾಯಿ ತೆರೆಯುತ್ತಿದ್ದಳು. ಅವಳ ಗಂಟಲಿಂದ ಏನೂ ಹೊರಡುವ ಮುನ್ನವೇ ಹೊರಗಿನಿಂದ "ಓ, ಬಂದೆ" ಎಂದು ದಪ್ಪ ದನಿಯ ಉತ್ತರ ಹೋಗಿರುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಸತ್ಯವ್ವ ಕಿಟಕಿಯ ಹತ್ತಿರ ಬಂದಳು. ತವರಿಗೆ ರಬಕವಿಗೆ ಹೋಗಿ ಬಹಳ ದಿನಕ್ಕೆ ಮರಳಿದ್ದಳು. ಒಳಗೆ ಕೂತಿದ್ದ ಬೋಳು ತಲೆಯ ಹೆಂಗಸನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ನಿನ್ನೆ ಅವಳು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳಂತೆ, ಅಲ್ಲಿ ರಾಜಮತಿ ಗಟ್ಟಿಮುಟ್ಟಾಗಿ ನಿಂತು ಮಾತಾಡಿದಳಂತೆ.

"ನಿನ್ನ ಜೋಡಿನ ಮಾತಾಡೇನೆವ್ವಾ ನಾ," ಎಂದಳು ಸತ್ಯವ್ವ. "ಆರಾಮ ಆದಿ ಏನ ಅಂತ ಕೇಳಿದೆ. ಪೂರಾ ಆರಾಮ ಆಗೇತಿ ಅಂದಿ."

ಅದು ತನ್ನ ತಂಗಿ ಎಂದು ರಾಜಮತಿ ಪಿಸುದನಿಯಲ್ಲಿ ತಿಳಿಸಿದಳು. ಸತ್ಯವ್ವ ಹೌದು ಹೌದು ಎಂದಳು. ಆದರೆ ಜಾಳಿಗೆಯ ಹತ್ತಿರ ಬಂದು ನೋಡಿದ ರೀತಿಯಲ್ಲಿ ನಂಬಿಕೆ ಇರಲಿಲ್ಲ. ಯಾರು ಯಾರೆಂದು ತೂಗಿ ನೋಡುವ ಹಾಗೆ ಹಣೆ, ಕೆನ್ನೆ, ಕೈ ಎಲ್ಲ ನೋಡಿ ಬೇಗ ಹೊರಟುಹೋದಳು.

ರಾಜಮತಿಗೆ ತಂಗಿಯ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದಿದ್ದು ಅಂಜಿಕೆ. ಹೊರಗಿನ ರಾಜಮತಿಗೆ ಏನೂ ಕೊರತೆ ಇರಲಿಲ್ಲ. ಅವಳು ಗಿರಣಿ ನಡೆಸುತ್ತಿದ್ದಳು, ಅತ್ತೆಗೆ ಓಗೊಡುತ್ತಿದ್ದಳು, ಜಿನ್ನಪ್ಪನಿಗೆ ಬುತ್ತಿ ಕಟ್ಟುತ್ತಿದ್ದಳು. ಹತ್ತನೆಯ ಇಯತ್ತೆಯಲ್ಲಿದ್ದ ಮಗಳು ಪ್ರಾಚಿ ಒಂದು ಸಂಜೆ ಸಾಲಿಯಿಂದ ಓಡಿ ಬಂದವಳು ಅಂಗಳದಲ್ಲೇ "ಅವ್ವಾ, ಗಣಿತದಾಗ ಪಾಸಾದೆ" ಎಂದು ಕೂಗಿ ಹಸಿರು ಸೀರೆಯವಳನ್ನು ಅಪ್ಪಿಕೊಂಡಳು. ಕ್ಷಣದಲ್ಲಿ ಗೊತ್ತಾಗಿ ಹಿಂದೆ ಸರಿದಳು. ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿ ನೋಡಿದರು. ರಾಜಮತಿ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ತನ್ನ ಮನೆಯಲ್ಲಿ ತಾನೇ ಕದ್ದು ನಿಂತ ಹಾಗಾಯಿತು. ಈ ಮನೆಯಲ್ಲಿ ಹೆಚ್ಚಾಗಿ ಉಳಿದವಳು ತಾನೇ ಎಂಬುದೊಂದು ಯೋಚನೆ ಆ ದಿನ ಹುಟ್ಟಿತು. ಪುಣೆಯವರು ಮೈಯೊಳಗಿನ ಹಳೆಯದನ್ನೆಲ್ಲ ಸುಟ್ಟು ತಂಗಿಯದನ್ನು ತುಂಬುತ್ತಾರೆ, ಇಲ್ಲಿ ಆ ಕೆಲಸ ಮೊದಲೇ ಶುರುವಾಗಿಬಿಟ್ಟಿದೆ.

ನಡುವೆ ಪುಣೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಬಂದರು. ಪುಪ್ಪುಸದ ಕಲೆ ಅರ್ಧ ಒಣಗಿತ್ತು. ಇನ್ನೂ ಕಾಯಿರಿ ಎಂದರು.

ಭಾದ್ರಪದ ಬಂತು. ದಶಲಕ್ಷಣ ಪರ್ವದ ಉಪವಾಸ, ಪೂಜೆ ಮುಗಿದು ಕ್ಷಮಾವಣಿಯ ದಿನ ಬಂತು. ಅಂದು ಮನೆ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಇರಲಿ ಎಂದು ಒಬ್ಬರಿಗೊಬ್ಬರು ಕೈಮುಗಿಯುವ ಪದ್ಧತಿ. ಜನ ಒಳಗೆ ಬರುವಂತಿಲ್ಲ ಎಂದು ಜಿನ್ನಪ್ಪ ಹಿತ್ತಲ ಕಿಟಕಿಯ ಹೊರಗೆ ಬೆಂಚು ಹಾಕಿಸಿ, ದೂರದಿಂದಲೇ ಮಾತಾಡಿಸಿ ಹೋಗಲಿ ಎಂದ. ರಾಜಮತಿಗೆ ಮೊದಲು ಖುಷಿಯೇ ಆಯಿತು. ತಲೆಗೆ ಶಾಲು ಸುತ್ತಿ ಕುರ್ಚಿಯ ಮೇಲೆ ಕೂತಳು.

ಜನ ಬಂದರು. ಬರುತ್ತಲೇ ಇದ್ದರು. ಎಂದೂ ಅವಳ ಮನೆಯ ಹೊಸ್ತಿಲು ತುಳಿಯದವರು, ಗಿರಣಿಯಲ್ಲಿ ಒಮ್ಮೆ ಹಿಟ್ಟು ಉರುಟಾಯಿತೆಂದು ಜಗಳಾಡಿದವರು, ಹೆಸರೇ ಗೊತ್ತಿಲ್ಲದ ಮುದುಕರು. ಎಲ್ಲರ ಮುಖಕ್ಕೂ ಬಟ್ಟೆ. ಜಾಳಿಗೆಯ ಆಚೆ ಕಣ್ಣುಗಳಷ್ಟೇ ಬಂದು ನಿಲ್ಲುತ್ತಿದ್ದವು, ಕೈ ಮುಗಿಯುತ್ತಿದ್ದವು, ಮೆತ್ತಗೆ ಒಂದೇ ಮಾತು ಆಡಿ ಸರಿಯುತ್ತಿದ್ದವು. ಅಲ್ಲೊಬ್ಬರಾದರೂ ಆರಾಮ ಆಗು ಎನ್ನಲಿಲ್ಲ. ಬರುವ ದೀಪಾವಳಿಯ ಮಾತನ್ನೂ ಯಾರೂ ಎತ್ತಲಿಲ್ಲ. ಹೋಗುವಾಗ ಪ್ರತಿಯೊಬ್ಬರೂ ಒಮ್ಮೆ ತಿರುಗಿ, ಬಸ್ಸಿನ ಕಿಟಕಿಯಲ್ಲಿ ಕೂತವರನ್ನು ನೋಡುವ ಹಾಗೆ ನೋಡಿ ಹೋಗುತ್ತಿದ್ದರು. ಅರ್ಧ ಜನ ಮುಗಿಯುವಷ್ಟರಲ್ಲಿ ರಾಜಮತಿಗೆ ತಿಳಿಯಿತು: ಇವರು ಕೊನೆಯ ಸಲ ಕ್ಷಮೆ ಕೇಳಲು ಬಂದಿದ್ದಾರೆ. ಆಮೇಲೆ ಕೇಳಲು ಅವಳಿರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗಿದೆ.

ಮಧ್ಯಾಹ್ನ ದಾಟುವ ಹೊತ್ತಿಗೆ ಜನ ಕರಗಿತು. ಅವಳು ಕಿಟಕಿಯ ಪರದೆ ಎಳೆದು ಮಲಗಿದಳು. ಮೈ ಭಾರವಾಗಿತ್ತು. ಮನೆಯಲ್ಲಿ ಸಪ್ಪಳವಿರಲಿಲ್ಲ. ಪದ್ಮವ್ವ ಹಿತ್ತಲ ನೆರಳಿಗೆ ಹೊರಸು ಹಾಕಿಸಿಕೊಂಡು ಕೂತಿದ್ದಳು, ಅವಳ ಜಪಮಣಿಯ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಆಗ ಕಿಟಕಿಯ ಹೊರಗೆ ಒಂದು ಕೆಮ್ಮು. ಆ ಕೆಮ್ಮು ಯಾರದೆಂದು ರಾಜಮತಿಗೆ ಗೊತ್ತಿತ್ತು. ಹನ್ನೆರಡು ವರ್ಷದಿಂದ ಅವಳು ಮಾತಾಡಿಸದಿದ್ದ ನೆಗೆಣ್ಣಿ, ಜಿನ್ನಪ್ಪನ ಅಣ್ಣನ ಹೆಂಡತಿ ಕುಸುಮಾ.

ರಾಜಮತಿಗೆ ಪ್ರಾಚಿಯ ಬೆನ್ನಿಗೆ ಒಂದು ಗಂಡುಕೂಸಾಗಿತ್ತು. ಆಗ ಇಬ್ಬರು ನೆಗೆಣ್ಣಿಯರೂ ಒಂದೇ ಮನೆಯಲ್ಲಿದ್ದರು. ಕೂಸು ಹತ್ತು ತಿಂಗಳಿದ್ದಾಗ ಸುಗ್ಗಿಯ ದಿನಗಳಲ್ಲಿ ಜ್ವರ ಬಂತು. ಗಿರಣಿಯ ಮುಂದೆ ಜನ ಸಾಲುಗಟ್ಟಿದ್ದರು. ಸಂಜೆ ಗಿರಣಿ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಕೂಸು ಕಣ್ಣು ಮೇಲೆ ಮಾಡಿತ್ತು, ಜಮಖಂಡಿ ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ದಿನ, ಕೂಡಿದ ಹೆಂಗಸರ ನಡುವೆ ಕುಸುಮಾ ಒಂದು ಮಾತು ಅಂದಿದ್ದಳು: ಗಿರಣಿ ಸಪ್ಪಳದಾಗ ಕೂಸಿನ ಅಳು ಎಲ್ಲಿ ಕೇಳಬೇಕು. ಅಷ್ಟೇ. ಆ ವರ್ಷವೇ ಮನೆ ಎರಡಾಯಿತು. ಪ್ರತಿ ಕ್ಷಮಾವಣಿಗೂ ಕುಸುಮಾ ಬಾಗಿಲಿಗೆ ಬರುತ್ತಿದ್ದಳು. ಅವಳು ಓಣಿಯಲ್ಲಿ ಕಂಡ ಕೂಡಲೇ ರಾಜಮತಿ ಗಿರಣಿ ಚಾಲೂ ಮಾಡುತ್ತಿದ್ದಳು. ಕಾಳಿಲ್ಲದ ಕಲ್ಲು ಕರಕರ ತಿರುಗುತ್ತಿತ್ತು. ಆ ಸಪ್ಪಳದಲ್ಲಿ ಕುಸುಮಾ ಏನೋ ಅಂದು, ಕೈಮುಗಿದು ಹೋಗುತ್ತಿದ್ದಳು.

ಈ ಸಲ ಚಾಲೂ ಮಾಡಲು ಗಿರಣಿ ಇರಲಿಲ್ಲ.

ಕುಸುಮಾ ಪರದೆಯ ಆಚೆ ನಿಂತು ತನ್ನ ಮಾತು ಆಡಿದಳು. ಅಂದು ತಾನು ಆಡಿದ್ದು ಕೆಟ್ಟ ಮಾತು, ಅದು ತನ್ನನ್ನೂ ನಿದ್ದೆ ಮಾಡಗೊಟ್ಟಿಲ್ಲ, ಕ್ಷಮಾ ಇರಲಿ ಎಂದಳು. ರಾಜಮತಿ ಹಾಸಿಗೆಯಲ್ಲಿ ಅಲುಗಾಡದೆ ಮಲಗಿದ್ದಳು. ಕೊಡುವುದಿಲ್ಲ ಎಂದು ಅಂದುಕೊಂಡಳು. ಸಾಯುವವಳ ಹತ್ತಿರ ಬಂದು ಸುಲಭವಾಗಿ ಇಸಿದುಕೊಂಡು ಹೋಗಬೇಕೆಂದಿದ್ದಾಳೆ, ಕೊಡುವುದಿಲ್ಲ. ಹಲ್ಲು ಕಚ್ಚಿ, ತುಟಿ ಬಿಗಿದು ಮಲಗಿದಳು.

ಆಗ ಅವಳ ದನಿ ಕೇಳಿಸಿತು.

ಪಿಸುದನಿಯಲ್ಲ. ರೋಗ ಬರುವ ಮೊದಲಿನ ದಪ್ಪ ದನಿ, ಗಿರಣಿಯ ದನಿ. ಪಡಸಾಲೆಯ ಕಡೆಯಿಂದ ಬಂದ ಹಾಗಿತ್ತು. "ಬಿಡಕ್ಕಾ. ನನ್ನ ಮನಸಿನಾಗ ಏನೂ ಉಳದಿಲ್ಲ. ಕಣ್ಣ ಒರಸ್ಕೊಂಡು ಹೋಗು."

ಹೊರಗೆ ಕುಸುಮಾ ಬಿಕ್ಕುವುದು ಕೇಳಿತು, ಆಮೇಲೆ ಹೆಜ್ಜೆಯ ಸಪ್ಪಳ ದೂರವಾಯಿತು. ಪದ್ಮವ್ವನ ಮಣಿಗಳು ಒಂದು ಗಳಿಗೆ ನಿಂತಿದ್ದವು, ಮತ್ತೆ ಶುರುವಾದವು.

ರಾಜಮತಿಯ ಕಣ್ಣಲ್ಲಿ ನೀರು ಬಂತು. ಸೀರೆ ಉಟ್ಟುಕೊಳ್ಳಲಿ, ಗಿರಣಿ ನಡೆಸಲಿ, ಮಗಳೂ ಒಮ್ಮೆ ಅವ್ವಾ ಎನ್ನಲಿ, ಅದನ್ನೆಲ್ಲ ಬಿಟ್ಟುಕೊಟ್ಟಿದ್ದಳು. ಆದರೆ ಈ ಸಿಟ್ಟು ಅವಳದೇ ಆಗಿತ್ತು. ಸತ್ತ ಕೂಸಿನ ಹೆಸರಿನಲ್ಲಿ ಉಳಿದಿದ್ದ ಒಂದೇ ವಸ್ತು. ಅದನ್ನೂ ತ್ರಿಶಲಾ ಅಕ್ಕನ ಹೆಸರಿನಲ್ಲಿ ತೆಗೆದುಕೊಟ್ಟುಬಿಟ್ಟಳು. ಒಳಗೆ ಬರಲಿ, ಇವತ್ತೇ ಚಿಮ್ಮಡದ ಬಸ್ಸು ಹತ್ತಿಸುತ್ತೇನೆ, ನಿನ್ನ ರಕ್ತವೂ ಬೇಡ ಎನ್ನುತ್ತೇನೆ ಎಂದುಕೊಂಡು ಕಾದಳು. ಯಾರೂ ಒಳಗೆ ಬರಲಿಲ್ಲ. ಪಡಸಾಲೆಯಲ್ಲಿ ಸುಳಿವೇ ಇರಲಿಲ್ಲ. ಅವಳಿಗೆ ಚಳಿ ಹತ್ತತೊಡಗಿತು.

ಬಿಸಿಲು ಇಳಿಯುವ ಹೊತ್ತಿಗೆ ಮುಂಬಾಗಿಲು ತೆರೆದ ಸಪ್ಪಳವಾಯಿತು. ಜಿನ್ನಪ್ಪ, ಪ್ರಾಚಿ, ತ್ರಿಶಲಾ ಮೂವರೂ ಒಟ್ಟಿಗೆ ಬಂದರು, ಹಣೆಯ ಮೇಲೆ ಬಸದಿಯ ಗಂಧ. ಅಭಿಷೇಕ ತಡವಾಯಿತು, ಮಧ್ಯಾಹ್ನ ಹೋದವರು ಈಗಲೇ ಬರುತ್ತಿರುವುದು ಎಂದ ಜಿನ್ನಪ್ಪ. ರಾಜಮತಿ ತಂಗಿಯ ಮುಖವನ್ನೇ ನೋಡಿದಳು. ನೀನೂ ಅಲ್ಲೇ ಇದ್ದೆಯಾ ಎಂದು ಕೇಳಿದಳು. ಪ್ರಾಚಿ ನಡುವೆ ಬಾಯಿ ಹಾಕಿ, ಚಿಗವ್ವ ತನ್ನ ಮಗ್ಗುಲಲ್ಲೇ ಕೂತಿದ್ದಳು, ಒಂದು ಗಳಿಗೆಯೂ ಎದ್ದಿಲ್ಲ ಎಂದಳು.

ಹಾಗಾದರೆ ಕುಸುಮಾಳ ಜೊತೆ ಮಾತಾಡಿದವರು ಯಾರು ಎಂದು ರಾಜಮತಿ ಕಿಟಕಿಯಿಂದ ಪದ್ಮವ್ವನನ್ನು ಕೇಳಿದಳು. ಮುದುಕಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀನ ಅಂದೆಲ್ಲ," ಎಂದಳು. "ಖೋಲಿಯಾಗಿಂದ. ಎಷ್ಟ ದಿನದ ಮ್ಯಾಲ ಅಲ್ಲಿಂದ ನಿನ್ನ ದನಿ ಕೇಳಿ ಮನಸು ತಂಪಾತು."

ತ್ರಿಶಲಾ ಅಕ್ಕನ ಕೈ ಮುಟ್ಟಿದವಳು ಕೂಡಲೇ ಜ್ವರದ ಕಡ್ಡಿ ತಂದಳು. ಪುಣೆಯವರು ಎಷ್ಟು ದಾಟಿದರೆ ತಡಮಾಡಬೇಡಿ ಎಂದಿದ್ದರೋ ಅದನ್ನು ಮೀರಿ ಜ್ವರ ಏರಿತ್ತು. ಗಾಡಿ ಬರುವ ತನಕ ರಾಜಮತಿ ಮತ್ತೆ ಮತ್ತೆ ತನ್ನ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಪುಣೆಯಲ್ಲಿ ಬಹಳ ದಿನ ಮಲಗಿದಳು. ರಕ್ತದಲ್ಲಿ ಸೋಂಕು ಹೊಕ್ಕಿತ್ತು. ಜ್ವರದಲ್ಲಿ ತಾನೇ ಮಾತಾಡಿ ಮರೆತಿರಬಹುದೇ ಎಂದು ಡಾಕ್ಟರನ್ನು ಕೇಳಿದಳು. ಆಗಬಹುದು, ಜ್ವರ ಏರಿದಾಗ ಏನೇನೋ ಆಗುತ್ತದೆ ಎಂದರು. ಆದರೆ ಗಂಟಲು ತಪಾಸಿಸಿದ ಇನ್ನೊಬ್ಬ ಡಾಕ್ಟರು ದನಿಯ ತಂತಿಗಳು ಇನ್ನೂ ಸೊರಗಿವೆ, ಇವುಗಳಿಂದ ಗಟ್ಟಿಯಾಗಿ ಕೂಗಲು ಆಗುವುದಿಲ್ಲ ಎಂದು ಅದೇ ವಾರ ಹೇಳಿದರು. ಎರಡೂ ಮಾತನ್ನು ಅವಳು ಜೊತೆಗೇ ಇಟ್ಟುಕೊಂಡು ಮಲಗಿದಳು.

ಮಗ್ಗುಲಲ್ಲಿ ತ್ರಿಶಲಾ ಕೂತಿರುತ್ತಿದ್ದಳು. ಒಂದು ದಿನ ರಾಜಮತಿ ಎಲ್ಲವನ್ನೂ ಅವಳಿಗೆ ಹೇಳಿದಳು. ಕಿಟಕಿಯಿಂದ ಅವಳನ್ನು ನೋಡಿ ಅಂಜಿದ್ದು, ಗೋಡೆಗೆ ಆತು ನಿಂತದ್ದು, ಬಸ್ಸು ಹತ್ತಿಸುತ್ತೇನೆ ಎಂದುಕೊಂಡದ್ದು. ತ್ರಿಶಲಾ ಪೂರ್ತಿ ಕೇಳಿದಳು. ಆಮೇಲೆ ತನ್ನದನ್ನು ಹೇಳಿದಳು.

"ಅಕ್ಕಾ, ನಿಮ್ಮ ಮನಿಗೆ ಬಂದಾಗಿಂದ ನನ್ನ ಹೆಸರ ಹಿಡದು ಯಾರೂ ಕರದಿಲ್ಲ. ಮೊದಲ ತಿದ್ದತಿದ್ದೆ. ಆಮ್ಯಾಲ ಸಾಕಾತು. ಒಂದಿನ ಗಿರಣ್ಯಾಗ ಒಬ್ಬಾಕಿ, ನಿನ್ನ ತಂಗಿ ಚಿಮ್ಮಡದಾಗ ಅದಾಳಲ್ಲ, ಹ್ಯಾಂಗದಾಳ ಅಂತ ಕೇಳಿದ್ಳು. ಛಲೋ ಅದಾಳ ಅಂದೆ." ಅವಳು ಕೈ ನೋಡಿಕೊಂಡಳು. "ಅಂದ ಮ್ಯಾಲ ಖರೆನ ಚಿಮ್ಮಡದಾಗ ಒಬ್ಬಾಕಿ ಅದಾಳೇನೊ ಅನಸ್ತು. ಹುಡುಗರಿಗೆ ಫೋನ್ ಹಚ್ಚಿದ್ರ, ದೊಡ್ಡವ್ವಾ, ನಮ್ಮವ್ವಗ ಕೊಡು ಅಂದ್ರು."

ರಾಜಮತಿ ಹಾಸಿಗೆಯಿಂದ ಕೈ ಚಾಚಿದಳು. ಕೈಗವಸು ಹಾಕಿದ ತಂಗಿಯ ಕೈ ಹಿಡಿದು, ತನಗೆ ಸಾಧ್ಯವಿದ್ದ ಅಷ್ಟೇ ದನಿಯಲ್ಲಿ "ತ್ರಿಶಲಾ" ಎಂದಳು. ಆ ಸಂಜೆ ಇಬ್ಬರೂ ಅತ್ತರು, ಅಷ್ಟಕ್ಕೆ ನರ್ಸು ಬಂದು ಬೈದು ತಂಗಿಯನ್ನು ಹೊರಗೆ ಕಳಿಸಿದಳು.

ಕಾರ್ತಿಕದ ಹೊತ್ತಿಗೆ ಪುಪ್ಪುಸ ತಿಳಿಯಾಯಿತು. ಗಾಜಿನ ಬಾಗಿಲಿನ ಖೋಲಿ ಸಿಕ್ಕಿತು. ತ್ರಿಶಲಾಳಿಗೆ ದಿನಾ ಸೂಜಿ ಚುಚ್ಚಿದರು, ಎಲುಬು ಎಲುಬೂ ನೋಯುತ್ತವೆ ಎಂದು ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಅದೇ ದಿನಗಳಲ್ಲಿ ರಾಜಮತಿಯ ಮಜ್ಜೆಯನ್ನು ಔಷಧ ಸುಡುತ್ತಿತ್ತು. ಆಮೇಲೆ ತಂಗಿಯ ತೋಳಿನಿಂದ ರಕ್ತ ಎಳೆದು, ಯಂತ್ರದಲ್ಲಿ ಬೇಕಾದ್ದನ್ನು ಬೇರ್ಪಡಿಸಿ, ಸಣ್ಣ ಚೀಲದಲ್ಲಿ ತಂದು ತೂಗುಹಾಕಿದರು. ಟೊಮ್ಯಾಟೊ ಸಾರಿನ ಬಣ್ಣದ್ದು. ಗುಡುಗು ಸಿಡಿಲು ಏನೂ ಆಗಲಿಲ್ಲ. ಚೀಲ ಖಾಲಿಯಾಗುವುದನ್ನು ಅವಳು ಕಣ್ಣು ಮುಚ್ಚದೆ ನೋಡಿದಳು. ಕಡೆಯ ಹನಿ ಇಳಿದಾಗ ಒಳಗೆ ಯಾರಾದರೂ ಬಂದ ಹಾಗೆ ಅನಿಸುತ್ತದೋ ಎಂದು ಕಿವಿಗೊಟ್ಟಳು. ನರ್ಸು ಬಂದು ಖಾಲಿ ಚೀಲ ಬಿಚ್ಚಿಕೊಂಡು ಹೋದಳು, ಅಷ್ಟೇ.

ಮುಂದಿನ ದಿನಗಳು ಬಹಳ ಕೆಟ್ಟವು. ನೀರೂ ನುಂಗಲಾಗದೆ ಮಲಗಿದಳು. ಗಾಜಿನ ಆಚೆ ಜಿನ್ನಪ್ಪ ನಿಂತಿರುತ್ತಿದ್ದ. ಒಂದೊಂದು ಸಲ ಅವನ ಹಿಂದೆ ಹಸಿರು ಸೀರೆಯುಟ್ಟ ಯಾರೋ ನಿಂತ ಹಾಗೆ ಕಾಣುತ್ತಿತ್ತು. ತ್ರಿಶಲಾ ಆಗಲೇ ಚಿಮ್ಮಡಕ್ಕೆ ಹೋಗಿದ್ದಳು. ಸೀರೆಗಳನ್ನೆಲ್ಲ ಒಗೆದು ಮಡಿಸಿ ತಿಜೋರಿಯಲ್ಲಿಟ್ಟು, ತಾನು ತಂದ ಮೂರರಲ್ಲೇ ಮರಳಿದ್ದಳು. ಕಾಣುವ ವಿಷಯವನ್ನು ರಾಜಮತಿ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರು ಬಂದು, ಹೊಸ ಬಿಳಿಕಣಗಳು ಕಾಣುತ್ತಿವೆ ಎಂದರು. ಆ ದಿನದಿಂದ ಗಾಜಿನ ಆಚೆ ಜಿನ್ನಪ್ಪ ಒಬ್ಬನೇ ಇದ್ದ.

ಆಸ್ಪತ್ರೆಯ ಹತ್ತಿರವೇ ಬಾಡಿಗೆಯ ಖೋಲಿ ಹಿಡಿದು ಕೆಲವು ತಿಂಗಳಿದ್ದು, ಬೇಸಿಗೆ ಏರುವ ಹೊತ್ತಿಗೆ ತೇರದಾಳಕ್ಕೆ ಬಂದರು. ರೋಗದ ಸುಳಿವಿಲ್ಲ, ರಕ್ತ ಪೂರ್ತಿ ತಂಗಿಯದ್ದೇ ಎಂದು ರಿಪೋರ್ಟು ಬಂದಿತ್ತು. ಚರ್ಮದ ಮೇಲೆ ಕಲೆಗಳೆದ್ದಿದ್ದವು, ಕಣ್ಣು ಒಣಗುತ್ತಿದ್ದವು, ಗುಳಿಗೆಗಳಿಗೆ ಲೆಕ್ಕವಿರಲಿಲ್ಲ. ಕೂದಲು ಗುಂಗುರು ಗುಂಗುರಾಗಿ ಹುಟ್ಟುತ್ತಿತ್ತು. ದನಿ ತುಸು ಬಂದಿತ್ತು, ಹಳೆಯದಲ್ಲ. ಸಣ್ಣ, ತೆಳ್ಳಗಿನ ದನಿ. ಫೋನಿನಲ್ಲಿ ಜಿನ್ನಪ್ಪ ಯಾರು ಮಾತಾಡುವುದು ಎಂದು ಎರಡು ಸಲ ಕೇಳಿದ.

ಕುಸುಮಾ ಈಗ ದಿನವೂ ಬರುತ್ತಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಳದ ಆ ತುದಿಯಲ್ಲಿ ಕೂತು, ಬೇಳೆ ಹಸನು ಮಾಡುತ್ತಾ ಓಣಿಯ ಸುದ್ದಿ ಹೇಳುತ್ತಿದ್ದಳು. ರಾಜಮತಿ ಈ ತುದಿಯಲ್ಲಿ ಕೂತು ಹೂಂ ಎನ್ನುತ್ತಿದ್ದಳು. ಒಳಗೊಳಗೆ ಅವಳಿಗೆ ಸಂಕಟ. ತಾನು ಕೊಡದೇ ಇದ್ದದ್ದನ್ನು ಇವಳು ಪಡೆದುಕೊಂಡಿದ್ದೇನೆ ಎಂದು ನಂಬಿ ಕೂತಿದ್ದಾಳೆ. ಹೇಳಿದರೆ ಏನಾಗುತ್ತದೋ, ಹೇಳದಿದ್ದರೆ ಹೀಗೆ ಕೂತು ಆಡುವ ಮಾತಿಗೆಲ್ಲ ಅರ್ಥವಿಲ್ಲ. ಹಲವು ದಿನ ಬಾಯಿಗೆ ಬಂದ ಮಾತನ್ನು ನುಂಗಿ, ಕಡೆಗೊಂದು ಇಳಿಹೊತ್ತಿನಲ್ಲಿ ಹೇಳಿಬಿಟ್ಟಳು.

"ಅಕ್ಕಾ, ಕ್ಷಮಾವಣಿ ದಿನ ನಾ ಬಾಯಿ ತೆರದಿರಲಿಲ್ಲ."

ಕುಸುಮಾ ಮೊರದಲ್ಲಿನ ಬೇಳೆಯ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ," ಎಂದಳು. "ಪರದೆ ಒಂದ ಕಡಿ ಸರದಿತ್ತು. ನೀ ತುಟಿ ಬಿಗದು ಮಲಗಿದ್ದಿ, ನಾ ನಿನ್ನ ಮಾರಿನ ನೋಡಾಕತ್ತಿದ್ದೆ. ನಿನ್ನ ತುಟಿ ಹಂದಲಿಲ್ಲ."

ರಾಜಮತಿ ಹಾಗಾದರೆ ದನಿ ಎಲ್ಲಿಂದ ಬಂತು ಎಂದು ಕೇಳಿದಳು.

"ನಿನ್ನ ಕಡಿಂದನ ಬಂತು. ಹಾಸಿಗಿ ಮ್ಯಾಗಿಂದ." ಕುಸುಮಾ ಒಂದು ಕಲ್ಲು ಆರಿಸಿ ಬಿಸಾಡಿದಳು. "ಅಂಜಿಕಿ ಬಂತು. ಇನ್ನೊಮ್ಮಿ ಕೇಳಾಕ ಧೈರ್ಯ ಆಗಲಿಲ್ಲ. ಸಿಕ್ಕಿದ್ದ ತಗೊಂಡು ಹೋದೆ."

ಪದ್ಮವ್ವ ಹೊರಸಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ಅಂಗಳದಲ್ಲಿ ಬಿಸಿಲು ಗೋಡೆ ಏರಿತ್ತು. ರಾಜಮತಿ ಆ ಸಿಟ್ಟು ಇನ್ನೂ ಇದೆಯೋ ಎಂದು ಒಳಗೆ ತಡಕಿದಳು. ಇತ್ತು, ಆದರೆ ಅದು ಕುಸುಮಾಳ ಮೇಲೆ ಇರಲಿಲ್ಲ. ಎಂದಾದರೂ ಇತ್ತೋ ಇಲ್ಲವೋ ಅವಳಿಗೆ ಈಗ ಖಾತ್ರಿಯಾಗಲಿಲ್ಲ.

"ನೀ ಅಂದದ್ದು ಖರೆನ ಇತ್ತು," ಎಂದಳು ತನ್ನ ಹೊಸ ಸಣ್ಣ ದನಿಯಲ್ಲಿ. "ಅವನ ಅಳು ನನಗ ಕೇಳಿಸಿರಲಿಲ್ಲ."

ಕುಸುಮಾ ಮೊರವನ್ನು ಕೆಳಗಿಟ್ಟಳು. ಒಳಗಿನಿಂದ ಪ್ರಾಚಿ ತಾಟು ಹಾಕುವ ಸಪ್ಪಳ ಬಂತು. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಉಳಿದಿತ್ತು. ರಾಜಮತಿ ಗೋಡೆ ಹಿಡಿದು ಎದ್ದು, ಇನ್ನೊಂದು ತಾಟು ಹಾಕು ಎಂದು ಮಗಳಿಗೆ ಹೇಳಲು ಒಳಗೆ ಹೋದಳು.